ಇಪ್ಪತ್ತಾರೂವರೆ ಗಂಟೆಯ ದಿನ

ಮಗಳ ಸ್ಕೂಲಿನ ಮುಂದಿನ ವರ್ಷದ, ಅಂದ್ರೆ ಹನ್ನೆರಡನೇ ಕ್ಲಾಸಿನ ಕೋರ್ಸ್ ಸೆಲೆಕ್ಷನ್ ಫಾರ್ಮು ಅಂತೂ ಇಂತೂ ನಿನ್ನೆ ರಾತ್ರಿ ಸಬ್ಮಿಟ್ ಆಯ್ತು. ಏಳು ಖಾನೆ, ಕೆಳಗೆ ಎರಡು ಬದಲಿ ಸಬ್ಜೆಕ್ಟು, ಅಪ್ಪ ಅಮ್ಮಂದು ಒಂದು ಸೈನು, ಅಷ್ಟೇ ಇದ್ದಿದ್ದು. ಇಷ್ಟಕ್ಕೆ ನಮ್ಮನೇಲಿ ಸಂಕ್ರಾಂತಿಯಿಂದ ಈಚೆಗೆ ಯಾರೂ ಜಗಳ ಇಲ್ಲದೆ ಊಟ ಮುಗಿಸಿಲ್ಲ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹನ್ನೊಂದನೇ ಕ್ಲಾಸಿನ ಮಕ್ಕಳಿರೋ ಯಾವ ದೇಸಿ ಮನೆ ಬಾಗಿಲು ತಟ್ಟಿದ್ರೂ ಫೆಬ್ರವರಿಯಲ್ಲಿ ಇದೇ ರಾಮಾಯಣ ಅಂತ ಗೊತ್ತು, ಆದ್ರೂ ನಮ್ಮನೇದು ಸ್ವಲ್ಪ ಜಾಸ್ತಿನೇ ಆಯ್ತು, ಯಾಕಂದ್ರೆ ನಮ್ಮನೇಲಿ ಎಕ್ಸೆಲ್ ಬರೋ ಮನುಷ್ಯ ಒಬ್ಬರಿದ್ದಾರೆ.

ಊರಲ್ಲಿರೋರಿಗೆ ಒಂದು ಮಾತು. ಎಪಿ ಅಂದ್ರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲ್ ಬೆಂಚಲ್ಲೇ ಕೂತು ಕಾಲೇಜಿನ ಪಾಠ ಓದೋದು, ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್‌ನವರ ಪರೀಕ್ಷೆ, 1ರಿಂದ 5ರವರೆಗೆ ಸ್ಕೋರು. ಕ್ಲಾಸಲ್ಲಿ ಎ ಗ್ರೇಡ್ ಬಂದ್ರೆ ಜಿಪಿಎ (ಎಲ್ಲಾ ಗ್ರೇಡಿನ ಸರಾಸರಿ) ಲೆಕ್ಕಕ್ಕೆ 4ರ ಬದಲು 5 ಹಾಕ್ತಾರೆ. ಆ ಒಂದು ಪಾಯಿಂಟಿನ ಮೇಲೆ ಇಲ್ಲಿ ಎಷ್ಟು ಸಂಸಾರಗಳು ನಿಂತಿವೆ ಅಂತ ಹೇಳೋಕಾಗಲ್ಲ.

ಕನ್ನಡ ಕೂಟದ ಸಂಕ್ರಾಂತಿಗೆ ಹೋದ್ರೆ ಎಳ್ಳು ಬೆಲ್ಲ ಕೈಗೆ ಹಾಕಿ, ಒಳ್ಳೆ ಮಾತಾಡ್ಬೇಕಾದ ಬಾಯಲ್ಲೇ "ನಿಮ್ಮ ಮಗಳು ಮುಂದಿನ್ವರ್ಷ ಎಷ್ಟು ಎಪಿ?" ಅಂತಾರೆ. ಮಗಳು ಹೇಗಿದಾಳೆ ಅಂತ ಯಾರೂ ಕೇಳಲ್ಲ. ನಾನು ಮೂರಿರ್ಬಹುದು ಅಂದೆ. ಆ ಆಂಟಿ ನನ್ನ ಭುಜ ತಟ್ಟಿ, "ಪರ್ವಾಗಿಲ್ಲ ಬಿಡಿ, ಆರೋಗ್ಯನೂ ಮುಖ್ಯ ಅಲ್ವಾ" ಅಂದ್ರು. ನಮ್ಮನೇಲಿ ಯಾರೋ ಆಸ್ಪತ್ರೆಗೆ ಸೇರಿದಾರೆ ಅನ್ನೋ ಥರ.

ಪಕ್ಕದಲ್ಲೇ ಕಬ್ಬು ಜಗಿತಾ ನಿಂತಿದ್ದ ನಮ್ಮನೆಯವರಿಗೆ ಅದು ಕೇಳಿಸ್ತು. ಅವತ್ತು ರಾತ್ರೀನೇ ಶೀಟು ಹುಟ್ಟಿತು.

ಇವರು ಆಫೀಸಲ್ಲಿ ಪ್ರೋಗ್ರಾಂ ಮ್ಯಾನೇಜರು. ಕೆಂಪು, ಹಳದಿ, ಹಸಿರು ಈ ಮೂರು ಬಣ್ಣದ ಆಚೆ ಅವರಿಗೆ ಪ್ರಪಂಚ ಇಲ್ಲ. ಕ್ಯಾಲ್ಕುಲಸ್ ಬಿಸಿ (BC), ಫಿಸಿಕ್ಸ್ ಸಿ, ಕೆಮಿಸ್ಟ್ರಿ, ಲಿಟರೇಚರ್, ಗವರ್ನಮೆಂಟ್, ಸ್ಟಾಟಿಸ್ಟಿಕ್ಸ್ ಎಲ್ಲಾ ಸಾಲಾಗಿ ಕೂತವು. ಒಂದೊಂದರ ಮುಂದೆ ದಿನಕ್ಕೆ ಎಷ್ಟು ಹೋಂವರ್ಕು, ರಿಸ್ಕ್ ಎಷ್ಟು, ಯಾವ ಟೀಚರು, ಆ ಟೀಚರ್ ಹತ್ರ ಓದಿದ ಯಾರ ಮಗ ಎಲ್ಲಿ ಸೇರ್ದ. ಈ ಮಾಹಿತಿಯೆಲ್ಲ ಪೇರೆಂಟ್ಸ್ ವಾಟ್ಸಾಪ್ ಗ್ರೂಪಿಂದ ಬಂದಿದ್ದು, ಅಂದ್ರೆ ಅರ್ಧ ಸುಳ್ಳು, ಇನ್ನರ್ಧ ಹೊಟ್ಟೆಕಿಚ್ಚು. ಅದರ ಕೆಳಗೆ ಮಗಳ ಇಡೀ ದಿನ: ಸ್ಕೂಲು, ರೋಬೋಟಿಕ್ಸು, ಲೈಬ್ರರಿ ವಾಲಂಟಿಯರಿಂಗು, ಕಾಲೇಜ್ ಅಪ್ಲಿಕೇಶನ್ ಎಸ್ಸೆಗಳು (ಯೂಸಿಗೆ, ಅಂದ್ರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, 350 ಪದದ್ದು ನಾಲ್ಕು, ಹಲವು ಕಾಲೇಜಿಗೆ ಒಂದೇ ಅರ್ಜಿ ಹಾಕೋ ಕಾಮನ್ ಆ್ಯಪ್‌ಗೆ 650 ಪದದ್ದು ಒಂದು, ಇನ್ನು ಪ್ರೈವೇಟ್ ಕಾಲೇಜುಗಳದ್ದು ಬೇರೆ), ಊಟ, ಸ್ನಾನ, ನಿದ್ದೆ. ಎಲ್ಲಾ ಹಾಕಿ ಟೋಟಲ್ ಒತ್ತಿದ್ರು. 26.5 ಬಂತು.

ಬೇರೆ ಯಾರಾದ್ರೂ ಆಗಿದ್ರೆ ಒಂದು ಎಪಿ ತೆಗೀತಿದ್ರು. ಇವರು ಫಾರ್ಮುಲಾ ತಪ್ಪಿರ್ಬೇಕು ಅಂತ ರಾತ್ರಿ ಒಂದು ಗಂಟೆವರೆಗೆ ಒಂದೊಂದೇ ಸೆಲ್ ಕ್ಲಿಕ್ ಮಾಡಿ ನೋಡಿದ್ರು. ಫಾರ್ಮುಲಾ ಸರಿಯಾಗೇ ಇತ್ತು. ಆಮೇಲೆ ಸ್ನಾನವನ್ನ 12 ನಿಮಿಷಕ್ಕೆ ಇಳಿಸಿದ್ರು, ಬೆಳಿಗ್ಗೆ ತಿಂಡಿ ಕಾರಲ್ಲೇ ತಿಂದ್ರೆ ಎಷ್ಟು ಉಳಿಯತ್ತೆ ಅಂತ ನನ್ನ ಕೇಳಿದ್ರು. ನಾನು ಕಾರಲ್ಲಿ ಉಪ್ಪಿಟ್ಟು ಚೆಲ್ಲಿದ್ರೆ ಕ್ಲೀನ್ ಮಾಡೋ ಟೈಮನ್ನ ಯಾರ ಖಾತೆಗೆ ಹಾಕ್ತೀರಿ ಅಂದೆ, ಅದಕ್ಕೆ ಉತ್ತರ ಬರ್ಲಿಲ್ಲ, ಸ್ನಾನ ತಿಂಡಿ ಎರಡೂ ವಾಪಸ್ ಹಳೇ ನಂಬರಿಗೆ ಹೋದ್ವು. ಕೊನೆಗೆ ಕಣ್ಣು ಬಿದ್ದಿದ್ದು ನಿದ್ದೆ ಮೇಲೆ. 7 ಅಂತಿದ್ದಿದ್ದನ್ನ ಅಳಿಸಿ 4.5 ಅಂತ ಕುಟ್ಟಿದ್ರು ನೋಡಿ, ಟೋಟಲ್ ಸರಿಯಾಗಿ 24, ಶೀಟು ಮೇಲಿಂದ ಕೆಳಗಿನವರೆಗೆ ಹಸಿರು! ಮುಂಗಾರು ಬಿದ್ದ ಮಲೆನಾಡು ಇದ್ದಂಗಿತ್ತು. ಇವರು ಕುರ್ಚಿಗೆ ಒರಗಿ, "ಬ್ಯಾಲೆನ್ಸ್ ಆಯ್ತು ಕಣೇ" ಅಂದ್ರು.

"ರೀ, ಅವಳು ನಾಲ್ಕೂವರೆ ಗಂಟೆ ಮಲಗೋದಾ?"

"ವೀಕೆಂಡಲ್ಲಿ ಕವರ್ ಮಾಡ್ಕೋತಾಳೆ ಬಿಡೇ."

ವೀಕೆಂಡಿಗೆ ಇನ್ನೊಂದು ಟ್ಯಾಬ್ ಇತ್ತು. ಅದೂ ಭರ್ತಿಯಾಗಿತ್ತು.

ಬೆಳಿಗ್ಗೆ ಅದನ್ನ ಮಗಳಿಗೆ ಶೇರ್ ಮಾಡಿದ್ರು, ಎಡಿಟ್ ಪರ್ಮಿಷನ್ ಕೊಟ್ಟು. ಅವಳು ಏನೂ ಮಾತಾಡ್ಲಿಲ್ಲ, ಸ್ಕೂಲಿಗೆ ಹೋದ್ಲು. ಸಂಜೆ ಇವರು ಆಫೀಸಿಂದ ಬಂದು ಶೂ ಕೂಡ ಬಿಚ್ಚದೆ ಲ್ಯಾಪ್‌ಟಾಪ್ ತೆಗೆದ್ರೆ ಶೀಟೆಲ್ಲ ಕೆಂಪು. ಕೆಳಗೆ ಹೊಸದೊಂದು ಸಾಲು ಸೇರಿತ್ತು: "ಅಪ್ಪನ ಲೆಕ್ಚರ್, ದಿನಾ 1.5 ಗಂಟೆ. ರಿಸ್ಕ್: ಹೈ."

ನಾನು ಅಡುಗೆ ಮನೆಗೆ ಓಡಿಹೋಗಿ ನಕ್ಕೆ. ಇವರಿಗೆ ಸಿಟ್ಟು ಬರತ್ತೆ ಅಂದ್ಕೊಂಡ್ರೆ ತುಂಬಾ ಹೊತ್ತು ಆ ಸಾಲನ್ನೇ ನೋಡಿ, "ಒಂದೂವರೆ ಜಾಸ್ತಿ ಆಯ್ತು, ಮುಕ್ಕಾಲು ಗಂಟೆ ಇರ್ಬಹುದು" ಅಂತ ತಿದ್ದೋಕೆ ಹೋದ್ರು. ಅವಳು ಆ ಸೆಲ್ ಲಾಕ್ ಮಾಡಿದ್ಲು.

ಕೌನ್ಸೆಲರ್ ಹತ್ರ ಝೂಮ್ ಮೀಟಿಂಗೂ ಆಯ್ತು. ಆ ಪುಣ್ಯಾತ್ಗಿತ್ತಿ ಪಾಪ ನಗ್ತಾ ನಗ್ತಾ ಬ್ಯಾಲೆನ್ಸ್ ಮುಖ್ಯ, ಬ್ಯಾಲೆನ್ಸ್ ಮುಖ್ಯ ಅಂತಿದ್ರೆ ಇವರು ಮೈಕ್ ಅನ್‌ಮ್ಯೂಟ್ ಮಾಡಿ, ಬ್ಯಾಲೆನ್ಸ್ ಅಂದ್ರೆ ನಂಬರ್ ಎಷ್ಟು ಅಂದ್ರು. ಮಗಳು ಕ್ಯಾಮೆರಾ ಆಫ್ ಮಾಡ್ಕೊಂಡ್ಲು.

ನಂಗೆ ಉರಿಯೋದು ಇನ್ನೊಂದು ವಿಷಯಕ್ಕೆ. ಯೂಸಿಯವರು ಜಿಪಿಎ ಲೆಕ್ಕ ಹಾಕೋದು ಹತ್ತು ಮತ್ತೆ ಹನ್ನೊಂದನೇ ಕ್ಲಾಸಿನ ಗ್ರೇಡಲ್ಲಿ. ಎಪಿಗೆ ಅಂತ ಕೊಡೋ ಎಕ್ಸ್‌ಟ್ರಾ ಪಾಯಿಂಟಿಗೂ ಎಂಟು ಸೆಮಿಸ್ಟರಿನ ಮಿತಿ ಇದೆ. ಹನ್ನೆರಡನೇ ಕ್ಲಾಸಿನ ಗ್ರೇಡು ಅದರಲ್ಲಿ ಸೇರೋದೇ ಇಲ್ಲ, ಆದ್ರೆ ಏನೇನು ತಗೊಂಡಿದಾಳೆ ಅಂತ ನೋಡ್ತಾರೆ, ಸೀಟು ಕೊಟ್ಟಮೇಲೆ ಗ್ರೇಡ್ ಬಿದ್ರೆ ಕಿತ್ಕೊಳ್ಳೋ ಹಕ್ಕೂ ಇಟ್ಕೊಂಡಿದಾರೆ. ಎಪಿ ಪರೀಕ್ಷೆ ಮೇ ತಿಂಗಳಲ್ಲಿ, ಸ್ಕೋರ್ ಬರೋದು ಜುಲೈಯಲ್ಲಿ, ಅಷ್ಟೊತ್ತಿಗೆ ಮಕ್ಕಳು ಯಾವ ಕಾಲೇಜು ಅಂತ ತೀರ್ಮಾನಿಸಿ ಹಾಸ್ಟೆಲ್ ರೂಮಿಗೆ ಬೆಡ್‌ಶೀಟ್ ಹುಡುಕ್ತಿರ್ತಾರೆ. ಅಂದ್ರೆ ಈ ನಾಲ್ಕೂವರೆ ಗಂಟೆ ನಿದ್ದೆಯೆಲ್ಲ "ನೋಡಿ, ಎಷ್ಟು ಕಷ್ಟದ್ದು ತಗೊಂಡಿದೀನಿ" ಅಂತ ತೋರಿಸೋಕೆ. ಇದನ್ನ ಇವರಿಗೆ ಹೇಳಿದ್ರೆ, "ಕರೆಕ್ಟ್, ಅದಕ್ಕೇ ಐದು ಎಪಿ ಇರ್ಲಿ" ಅಂತಾರೆ.

ನಾನು ಮೈಸೂರಲ್ಲಿ ಪಿಯುಸಿಗೆ ಸೇರುವಾಗ ಆಯ್ಕೆ ಅನ್ನೋದು ಕೌಂಟರಿನ ಆಚೆ ಕೂತಿದ್ದ ಗುಮಾಸ್ತರ ಕೈಲಿತ್ತು. ಅಪ್ಪ ಮಾರ್ಕ್ಸ್ ಕಾರ್ಡ್ ಕೊಟ್ರು, ಅವರು ಕನ್ನಡಕ ಏರಿಸಿ ನೋಡಿ ಪಿಸಿಎಂಬಿ ಅಂತ ಬರ್ಕೊಂಡ್ರು, ಲ್ಯಾಂಗ್ವೇಜು ಅಂದ್ರು, ಅಪ್ಪ ಸಂಸ್ಕೃತ ಅಂದ್ರು, ಸ್ಕೋರಿಂಗ್ ಅಂತ. ಅಷ್ಟರಲ್ಲಿ ಹಿಂದಿದ್ದವರು ಮುಂದೆ ತಳ್ಳಿದ್ರು. ನಂಗೆ ಹಿಸ್ಟರಿ ಇಷ್ಟ ಇತ್ತು, ಯಾರೂ ಕೇಳ್ಲಿಲ್ಲ, ಕೇಳ್ಬೇಕು ಅಂತ ನಂಗೂ ಅನಿಸ್ಲಿಲ್ಲ. ಎರಡು ವರ್ಷ ಕಪ್ಪೆ ಕೊಯ್ದು, ಸಿಇಟಿ ಬರೆದು, ಬಯಾಲಜಿಗೆ ಸಂಬಂಧವೇ ಇಲ್ಲದ ಇಂಜಿನಿಯರಿಂಗ್ ಸೇರಿದೆ. ಈಗಲೂ ಹಂಪಿಗೆ ಹೋದ್ರೆ ಗೈಡ್ ಹಿಂದೆ ಎಲ್ಲರಿಗಿಂತ ಹತ್ರ ನಿಂತ್ಕೊಳ್ಳೋದು ನಾನೇ.

ಮಗಳಿಗೆ ಬೇಕಾಗಿದ್ದು ಸೆರಾಮಿಕ್ಸ್. ಹೋದ್ವರ್ಷ ಒಂದು ಕ್ಲಾಸ್ ತಗೊಂಡಿದ್ಲು, ಅವಳು ಮಾಡಿದ ಓರೆ ಬಟ್ಟಲಲ್ಲಿ ನಾನು ದಿನಾ ಉಪ್ಪಿನಕಾಯಿ ಇಡ್ತೀನಿ. ಮಣ್ಣು ಮೆತ್ಕೊಂಡು ಮನೆಗೆ ಬಂದ ದಿನ ಮಾತ್ರ ಅವಳು ಫೋನ್ ನೋಡ್ದೆ ನಮ್ಮ ಜೊತೆ ಊಟ ಮಾಡ್ತಿದ್ಲು. ಇವರ ವಾದ ಒಂದೇ: "ಯೂಸಿ ಸೇರೋಕೆ ಓದಲೇಬೇಕಾದ ಎ-ಜಿ ಲಿಸ್ಟಲ್ಲಿ ಆರ್ಟ್ಸಿಗೆ ಒಂದು ವರ್ಷ ಸಾಕು, ಅದು ಮುಗೀತಲ್ಲ ಪುಟ್ಟಿ, ಮತ್ತೆ ಯಾಕೆ?"

"ಯಾಕಂದ್ರೆ ನಂಗಿಷ್ಟ ಅಪ್ಪ."

ಶೀಟಲ್ಲಿ ಅದಕ್ಕೆ ಕಾಲಮ್ ಇರ್ಲಿಲ್ಲ. ಇವರು ಸ್ವಲ್ಪ ಹೊತ್ತು ಕರ್ಸರನ್ನ ಅತ್ತಿತ್ತ ಓಡಾಡಿಸಿ ಸುಮ್ಮನಾದ್ರು.

ಕೊನೆಗೆ ಹೋಗಿದ್ದು ಕ್ಯಾಲ್ಕುಲಸ್ ಬಿಸಿ, ಫಿಸಿಕ್ಸ್ ಸಿ, ಗವರ್ನಮೆಂಟ್, ಈ ಮೂರು ಎಪಿ, ಮಿಕ್ಕಿದ್ದು ಮಾಮೂಲಿ, ಕೊನೇ ಖಾನೇಲಿ ಸೆರಾಮಿಕ್ಸ್. ಸ್ಟಾಟಿಸ್ಟಿಕ್ಸ್ ಬದಲಿ ಜಾಗಕ್ಕೆ ಹೋಯ್ತು, ಇವರ ಸಮಾಧಾನಕ್ಕೆ. ಸ್ಕೂಲು ಶುರುವಾದ್ಮೇಲೆ ಎಪಿ ಬಿಡಲ್ಲ ಅನ್ನೋ ಕಾಂಟ್ರ್ಯಾಕ್ಟಿಗೆ ನಾನೇ ಸೈನ್ ಹಾಕಿದೆ, ಇವರು ಇನ್ನೂ ಯೋಚಿಸ್ತಿದ್ರು.

ಈಗ ಗೊತ್ತಾಗಿರೋದೇನಂದ್ರೆ ಫಿಸಿಕ್ಸ್ ಸಿಗೂ ಒಂದೇ ಸೆಕ್ಷನ್, ಸೆರಾಮಿಕ್ಸಿಗೂ ಒಂದೇ ಸೆಕ್ಷನ್, ಎರಡೂ ಒಂದೇ ಪೀರಿಯಡ್ಡಿಗೆ ಬೀಳತ್ತಾ ಇಲ್ವಾ ಅನ್ನೋದು ಆಗಸ್ಟಲ್ಲಿ ಟೈಮ್‌ಟೇಬಲ್ ಬಂದಾಗ್ಲೇ ತಿಳಿಯೋದು. ಇವರು ಆಗ್ಲೇ ಅದಕ್ಕೊಂದು ಹೊಸ ಟ್ಯಾಬ್ ತೆಗ್ದಿದಾರೆ. ಈ ಸಲ ಎಡಿಟ್ ಪರ್ಮಿಷನ್ ಯಾರಿಗೂ ಕೊಟ್ಟಿಲ್ಲ.