ಊರು ರಾಮಾಪೋ, ಲೆಕ್ಕ ಕೃಷ್ಣನದು

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಹೋದರೆ ರಾಕ್‌ಲ್ಯಾಂಡ್ ಕೌಂಟಿಯಲ್ಲಿ ರಾಮಾಪೋ ಅಂತ ಒಂದು ಊರಿದೆ. ಅಲ್ಲಿಯವರು ‘ರ್‍ಯಾಮಪೋ’ ಅನ್ನುತ್ತಾರೆ. ನಾನು ನನ್ನ ಅನುಕೂಲಕ್ಕೆ ರಾಮಾಪೋ ಅಂತಲೇ ಓದಿಕೊಂಡೆ. ಯಾಕಂದ್ರೆ ಊರ ಹೆಸರಲ್ಲಿ ರಾಮ ಇದ್ದರೂ ಅಲ್ಲಿನ ಖಾತೆ ಪುಸ್ತಕದಲ್ಲಿ ಇದ್ದದ್ದು ಕೃಷ್ಣನ ಲೆಕ್ಕ.

ಆಗ ಊರಿನ ಸೂಪರ್‌ವೈಸರ್, ಅಂದರೆ ನಮ್ಮ ಪುರಸಭೆ ಅಧ್ಯಕ್ಷರಿದ್ದ ಹಾಗೆ, ಕ್ರಿಸ್ಟೋಫರ್ ಸೇಂಟ್ ಲಾರೆನ್ಸ್. ಹೆಸರಲ್ಲೇ ಸಂತರು. ಇವರಿಗೆ ಊರಲ್ಲೊಂದು ಬೇಸ್‌ಬಾಲ್ ಸ್ಟೇಡಿಯಂ ಬೇಕು ಅನ್ನಿಸಿತು. ಯಾಂಕೀಸ್‌ನಂಥ ದೊಡ್ಡ ತಂಡಕ್ಕಲ್ಲ, ಸ್ವತಂತ್ರ ಲೀಗಿನ ಪುಟ್ಟ ತಂಡಕ್ಕೆ. ಸ್ವತಂತ್ರ ಅಂದರೆ ಮೇಜರ್ ಲೀಗಿನ ಯಾವ ತಂಡವೂ ಇವರನ್ನು ದತ್ತು ತಗೊಂಡಿಲ್ಲ ಅಂತ. ಆಟಗಾರರ ಸಂಬಳವೂ ಟಿಕೆಟ್ಟು, ಬಿಯರ್ರು, ಹಾಟ್‌ಡಾಗ್ ಮಾರಿಯೇ ಹುಟ್ಟಬೇಕು. ಇಂಥ ತಂಡದ ಮನೆ ಕಟ್ಟುವುದಕ್ಕೆ ಜನರ ದುಡ್ಡು ಮುಟ್ಟುವುದಿಲ್ಲ ಅಂತ ಸಂತರು ಬಹಿರಂಗವಾಗಿಯೇ ಹೇಳಿದರು.

2010ರಲ್ಲಿ ಈ ವಿಷಯ ಮತಕ್ಕೆ ಬಂತು. 1.65 ಕೋಟಿ ಡಾಲರ್ ಬಾಂಡಿಗೆ, ಅಂದರೆ ಸಾಲಪತ್ರಕ್ಕೆ, ಊರು ಜಾಮೀನು ನಿಲ್ಲಬಹುದಾ? ನೂರಕ್ಕೆ ಸುಮಾರು 70 ಮತ ‘ಬೇಡ’ ಅಂತ ಬಿತ್ತು. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ?

ಆದರೆ ಜನ ಬೇಡ ಅಂದದ್ದು 1.65 ಕೋಟಿಗೆ, ಅಲ್ವಾ? 2.5 ಕೋಟಿಗೆ ಯಾರೂ ಬೇಡ ಅಂದಿರಲಿಲ್ಲ! ಹಾಗಾಗಿ ಊರೇ ಹುಟ್ಟುಹಾಕಿದ ಸ್ಥಳೀಯ ಅಭಿವೃದ್ಧಿ ನಿಗಮ 2.5 ಕೋಟಿ ಡಾಲರ್ ಬಾಂಡ್ ಹೊರಡಿಸಿತು. ಜಾಮೀನು ನಿಂತದ್ದು ಅದೇ ಊರು. ನಿಗಮದ ಅಧ್ಯಕ್ಷರು ಯಾರು ಅಂತ ಕೇಳಬೇಡಿ. ಕೇಳಿಯೇಬಿಟ್ಟಿರಾ? ಅದೇ ಸಂತರು. ಎಡಗೈ ಸಾಲ ಎತ್ತಿತು, ಬಲಗೈ ಜಾಮೀನು ಹಾಕಿತು. ಎರಡೂ ಕೈ ಸೇರಿದರೆ ಚಪ್ಪಾಳೆಯೂ ಆಗುತ್ತದೆ.

2011ರಲ್ಲಿ ಸ್ಟೇಡಿಯಂ ಬಾಗಿಲು ತೆರೆಯಿತು. ತಂಡದ ಹೆಸರು ಬೌಲ್ಡರ್ಸ್, ಅಂದರೆ ಬಂಡೆಗಳು. ತೆರಿಗೆ ಕಟ್ಟುವವರ ತಲೆ ಮೇಲೆ ಕಲ್ಲು ಹಾಕಿದ ಮೇಲೆ ಇನ್ನೇನು ಹೆಸರಿಡುತ್ತಾರೆ? ಒಟ್ಟು ಖರ್ಚು 5.8 ಕೋಟಿ ಡಾಲರ್ ದಾಟಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, ಮುಟ್ಟುವುದಿಲ್ಲ ಅಂದಿದ್ದ ಅದೇ ದುಡ್ಡು. ಕುರ್ಚಿಗಳು ಸುಮಾರು ಐದು ಸಾವಿರ. ಸುಮ್ನೆ ಭಾಗಿಸಿ ನೋಡಿದೆ. ಒಂದೊಂದು ಕುರ್ಚಿಗೆ 11 ಸಾವಿರ ಡಾಲರ್‌ಗೂ ಮೇಲೆ. ಆ ರೇಟಿಗೆ ಕುರ್ಚಿಯೇ ಎದ್ದು ನಿಂತು ನಮ್ಮನ್ನು ಕೂರಿಸಬೇಕಿತ್ತು.

ಇಷ್ಟಾದರೆ ಊರಿನ ತಿಜೋರಿ ಬರಿದಾಗದೆ ಇರುತ್ತದಾ? ಬರಿದಾದ ತಿಜೋರಿ ತೋರಿಸಿದರೆ ಮುಂದಿನ ಬಾಂಡನ್ನು ಯಾರು ಕೊಳ್ಳುತ್ತಾರೆ? ಇಲ್ಲಿಂದ ಶುರು ನೋಡಿ ಕೃಷ್ಣಲೀಲೆ. ಊರಿಗೆ ಸೇರಿದ ಒಂದು ಜಮೀನನ್ನು ನಿಗಮಕ್ಕೆ ಮಾರಿದ್ದೇವೆ, 30.8 ಲಕ್ಷ ಡಾಲರ್ ಬರಬೇಕಿದೆ ಅಂತ ಬರೆದುಕೊಂಡರು. ಮಾರಾಟ ಆಗಿರಲೇ ಇಲ್ಲ. ಕೊಟ್ಟಿಗೆಯಲ್ಲೇ ನಿಂತು ಮೇವು ತಿನ್ನುತ್ತಿರುವ ಎಮ್ಮೆಯ ದುಡ್ಡು ‘ಸಂತೆಯಿಂದ ಬರಬೇಕಾದ ಬಾಕಿ’ ಆಗಿಬಿಟ್ಟಿತು. ಅದೂ ನಮ್ಮ ಎಮ್ಮೆಯನ್ನು ನಮ್ಮ ಮನೆಯವರೇ ಕೊಂಡ ಬಾಕಿ.

ಸಾಲ ತೀರಿಸುವ ತಾಕತ್ತಿಗೆ ಅಂಕ ಕೊಡುವ ರೇಟಿಂಗ್ ಸಂಸ್ಥೆಯವರ ಜೊತೆ ಫೋನಿನಲ್ಲಿ ಮಾತಾಡುವಾಗಲೂ ತಿಜೋರಿಯ ಅಂಕಿ ಹಿಗ್ಗಿಸಿ ಹೇಳಿದ್ದಾಯಿತು. ಫೋನ್ ಇಟ್ಟ ಮೇಲೆ, ಈ ಅಂಕಿ ತಲುಪಬೇಕಾದರೆ ನಾವೆಲ್ಲ ಜಾದೂಗಾರರೇ ಆಗಬೇಕು ಅಂತ ಸಂತರು ತಮ್ಮವರಿಗೆ ಹೇಳಿದರಂತೆ. ಇದು ಅಮೆರಿಕದ ಷೇರುಪೇಟೆ ಆಯೋಗದ ದೂರಿನಲ್ಲೇ ಇದೆ. ಇಡೀ ಪ್ರಕರಣದಲ್ಲಿ ನನಗೆ ಸಿಕ್ಕ ಒಂದೇ ಪ್ರಾಮಾಣಿಕ ಮಾತು ಇದು.

2013ರಲ್ಲಿ ಎಫ್‌ಬಿಐನವರು ಕಚೇರಿಗೆ ಬಂದು ಕಾಗದಪತ್ರ ಹೊತ್ತುಕೊಂಡು ಹೋದರು. ಅದಾದ ಮೇಲೂ ಸಂತರು ಚುನಾವಣೆ ಗೆದ್ದರು! (ಮತದಾರರ ಬಗ್ಗೆ ಮೇಲೆ ತೋರಿಸಿದ ಮರುಕದಲ್ಲಿ ಸ್ವಲ್ಪ ವಾಪಸ್ ತಗೋತೀನಿ.) 2016ರಲ್ಲಿ ಆರೋಪ ಹೊರಿಸಿದರು, ಕುರ್ಚಿ ಬಿಡಲಿಲ್ಲ. 2017ರ ಮೇನಲ್ಲಿ ವೈಟ್ ಪ್ಲೇನ್ಸ್‌ನ ಕೋರ್ಟಿನಲ್ಲಿ ಜ್ಯೂರಿ ವಂಚನೆಯ ತೀರ್ಪು ಕೊಟ್ಟಿತು, ಡಿಸೆಂಬರ್‌ನಲ್ಲಿ 30 ತಿಂಗಳ ಜೈಲು. ಬೇಸ್‌ಬಾಲ್‌ನಲ್ಲಿ ಮೂರು ಸಲ ಹೊಡೆತ ತಪ್ಪಿದರೆ ಔಟ್. ಅಧಿಕಾರದಲ್ಲಿ ಅಂಪೈರ್ ಕೈ ಎತ್ತುವುದಕ್ಕೇ ವರ್ಷಗಟ್ಟಲೆ ಬೇಕು.

ಸ್ಟೇಡಿಯಂ ಈಗಲೂ ಇದೆ. ಬಂಡೆಗಳು ಅಲ್ಲೇ ಆಡುತ್ತಿವೆ. ಬೋರ್ಡು ಮಾತ್ರ ಬದಲಾಗುತ್ತಿರುತ್ತದೆ. ಮೊದಲು ಪ್ರಾವಿಡೆಂಟ್ ಬ್ಯಾಂಕ್ ಪಾರ್ಕ್. ಆಮೇಲೆ ಪ್ಯಾಲಿಸೇಡ್ಸ್ ಕ್ರೆಡಿಟ್ ಯೂನಿಯನ್ ಪಾರ್ಕ್. ಈಗ ಕ್ಲೋವರ್ ಸ್ಟೇಡಿಯಂ. ಕ್ಲೋವರ್ ಅಂದರೆ ಹೂವು ಗೀವು ಅಂದುಕೊಳ್ಳಬೇಡಿ. ಅಂಗಡಿಗಳಲ್ಲಿ ಕಾರ್ಡ್ ಉಜ್ಜಿ ದುಡ್ಡು ಎಳೆದುಕೊಳ್ಳುವ ಮೆಷಿನ್ನು.