ಎಲ್ಲ ಉಪವಾಸವೂ ಡೌಯರ್ ಅಲ್ಲ

ಪ್ರಯೋಗಾಲಯಗಳಲ್ಲಿ ಸಾಕುವ ಸಿ. ಎಲೆಗನ್ಸ್ ಎಂಬ ಪುಟ್ಟ ದುಂಡುಹುಳು ಹಸಿವಾದರೆ ‘ಡೌಯರ್’ ಆಗುತ್ತದೆ, ಅಂದರೆ ಬೆಳವಣಿಗೆ ನಿಲ್ಲಿಸಿ ಕಷ್ಟಕಾಲ ದಾಟುವ ಗಟ್ಟಿ ಮರಿಯಾಗುತ್ತದೆ ಎಂದು ನಾನು ಓದಿದ ಲೇಖನವೊಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ. ಅಷ್ಟು ಸರಳವಿಲ್ಲ. ಹಸಿವು ಯಾವ ಹಂತದಲ್ಲಿ ಬಂತು ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಮೊಟ್ಟೆಯಿಂದ ಹೊರಬಂದ ಕೂಡಲೇ ಅದರ ಆಹಾರವಾದ ಬ್ಯಾಕ್ಟೀರಿಯಾ ಸಿಗದಿದ್ದರೆ ಮರಿ ಎಲ್1 ಎಂಬ ಮೊದಲ ಮರಿ ಹಂತದಲ್ಲೇ ನಿಂತುಬಿಡುತ್ತದೆ. ಇದು ಡೌಯರ್ ಅಲ್ಲ. ತಾಯಿಹುಳುಗಳನ್ನು ಬ್ಲೀಚ್‌ನಲ್ಲಿ ಕರಗಿಸಿ ತೆಗೆದ ಮೊಟ್ಟೆಗಳನ್ನು ಎಂ9 ಎಂಬ ಆಹಾರವಿಲ್ಲದ ಲವಣದ ದ್ರಾವಣದಲ್ಲಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಸಿಗುವುದು ಇವೇ. ಒಂದು ದಿನದ ಉಪವಾಸಕ್ಕೆ ತೊಂದರೆಯಿಲ್ಲ. ವಾರ ದಾಟಿದರೆ ಆಮೇಲೆ ಊಟ ಹಾಕಿದರೂ ಬೆಳವಣಿಗೆ ನಿಧಾನ, ಸಂತತಿಯೂ ಕಡಿಮೆ. ಎಂ9 ಬದಲು ಎಸ್-ಬೇಸಲ್ ಎಂಬ ಇನ್ನೊಂದು ದ್ರಾವಣ ಬಳಸುವವರು ಗಮನಿಸಿ: ಅದಕ್ಕೆ ಹಾಕುವ ಕೊಲೆಸ್ಟರಾಲ್ ಅನ್ನು ಎಥನಾಲ್‌ನಲ್ಲಿ ಕರಗಿಸಿರುತ್ತಾರೆ. ಆ ಚೂರು ಎಥನಾಲ್ ಕೂಡ ಮರಿಗಳಿಗೆ ಆಹಾರವೇ! ಹೆಚ್ಚು ದಿನ ಬದುಕುತ್ತವೆ, ನಿಮ್ಮ ಲೆಕ್ಕ ಕೆಡುತ್ತದೆ.

ಡೌಯರ್ ಆಗಲು ಮೊದಲು ಸ್ವಲ್ಪವಾದರೂ ತಿಂದು ಬೆಳೆದಿರಬೇಕು. ಆಹಾರದ ಕೊರತೆಯ ಜೊತೆ ಗುಂಪಿನ ಫೆರೋಮೋನ್ (ಹುಳುಗಳು ಹೊರಬಿಡುವ, ದಟ್ಟಣೆ ತಿಳಿಸುವ ರಾಸಾಯನಿಕ), ಹೆಚ್ಚಿನ ತಾಪಮಾನ ಸೇರಿದಾಗ ಆ ದಾರಿ ಹಿಡಿಯುತ್ತದೆ. ಬಾಯಿ ಮುಚ್ಚಿಹೋಗುವುದರಿಂದ 1% ಎಸ್‌ಡಿಎಸ್ ಎಂಬ ಮಾರ್ಜಕದಲ್ಲಿ 30 ನಿಮಿಷ ಇಟ್ಟರೂ ಡೌಯರ್ ಸಾಯುವುದಿಲ್ಲ. ಬೇರೆ ಹಂತದವು ಸಾಯುತ್ತವೆ. ತೊಳೆದು ತಟ್ಟೆಗೆ ಹಾಕಿ, ಮಿಸುಕಾಡಿದ್ದನ್ನು ಎಣಿಸಿದರಾಯಿತು.

ಬೆಳೆದ ಹುಳುವಿನ ಪಾಡು ಬೇರೆ. ಹಸಿದ ತಾಯಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ, ಅವು ಹೊಟ್ಟೆಯೊಳಗೇ ಒಡೆದು ಮರಿಗಳು ತಾಯಿಯನ್ನೇ ತಿನ್ನುತ್ತವೆ. ಎಲ್4 ಎಂಬ ಕೊನೆಯ ಮರಿ ಹಂತದಲ್ಲಿ ಉಪವಾಸಕ್ಕೆ ಬಿದ್ದ ಕೆಲವು ಮಾತ್ರ ಇದರಿಂದ ಪಾರಾಗುತ್ತವೆ. ಅವುಗಳ ಜನನಾಂಗದ ಜೀವಕೋಶಗಳ ಸಂಖ್ಯೆ ಕುಗ್ಗಿ, ಓಪಿ50 (ಲ್ಯಾಬ್‌ನಲ್ಲಿ ಹುಳುಗಳಿಗೆ ಹಾಕುವ ಬ್ಯಾಕ್ಟೀರಿಯಾ) ಸಿಕ್ಕಾಗ ಮತ್ತೆ ಬೆಳೆಯುತ್ತದೆ. ಆದರೆ ಮಾಮೂಲಿ 300ರ ಆಸುಪಾಸಿನ ಸಂತತಿ ನಿರೀಕ್ಷಿಸಬೇಡಿ.