ಬೀಗಕ್ಕೂ ಒಂದು ತಾರೀಖು ಬೇಡವೇ?

ಇವತ್ತು ಬೆಳಿಗ್ಗೆ ರೈಲು ಚಿಕ್ಕಬಾಣಾವರ ದಾಟುತ್ತಿದ್ದ ಹಾಗೆ ಎದುರು ಸೀಟಿನ ಯಜಮಾನರು ಕೇಳಿದರು: "ಅಲ್ಲ ಲಾಯರಮ್ಮ, ನಮ್ಮೋರ ಕೇಸು ಸಿಗಲ್ವಾ ನಿಮಗೆ? ವೀಸಾ ಮುಗಿದ್ರೂ ಇಲ್ಲೇ ಕೂತಿರೋರ ಪರ ನಿಲ್ಲೋಕೆ ತುಮಕೂರಿಂದ ದಿನಾ ಓಡಾಡ್ತೀರಲ್ಲ." ಒಳ್ಳೆಯ ಮನುಷ್ಯ. ಆರು ವರ್ಷದಿಂದ ಒಂದೇ ಬೋಗಿಯಲ್ಲಿ ಹೋಗಿಬರುತ್ತೇವೆ. ನಾನು ತಡವಾದರೆ ಟವೆಲ್ ಹಾಕಿ ಸೀಟು ಹಿಡಿದಿಟ್ಟಿರುತ್ತಾರೆ. ಅವರ ಬಾಯಲ್ಲಿ ಈ ಮಾತು ಬಂತಲ್ಲ ಅಂತ ಸಂಕಟವಾಯಿತು. ಏನು ಹೇಳಲಿ ಅಂತ ಯೋಚಿಸುವಷ್ಟರಲ್ಲಿ ಯಶವಂತಪುರ ಬಂತು, ಎಲ್ಲರೂ ಇಳಿದೆವು.

ಮಧ್ಯಾಹ್ನ ಮೂರೂವರೆಗೆ ಕೋರ್ಟಿನಲ್ಲಿ ನಮ್ಮ ಕೇಸು ಕರೆದರು, ಶಿಕ್ಷೆ ಮುಗಿಸಿಯೂ ಬಂಧನದಲ್ಲೇ ಇರುವ ಒಬ್ಬ ವಿದೇಶಿ ಹುಡುಗಿಯದು. ನ್ಯಾಯಮೂರ್ತಿಗಳು ಕೇಳಿದ್ದು ಇಷ್ಟೇ: ಇನ್ನೆಷ್ಟು ದಿನ? ಸರ್ಕಾರದ ವಕೀಲರು ಕಡತ ತಿರುವಿ, ಆಕೆಯ ದೇಶದ ರಾಯಭಾರ ಕಚೇರಿಯಿಂದ ಪ್ರಯಾಣದ ದಾಖಲೆ ಬಂದಿಲ್ಲ, ಪತ್ರ ಬರೆದಿದ್ದೇವೆ, ಎರಡು ವಾರ ಸಮಯ ಬೇಕು ಅಂದರು. ಈ ಮಾತು ಕೇಳುತ್ತಿರುವುದು ಇದು ಏಳನೇ ಸಲ. ಏಳು ಸಲವೂ ಎರಡೇ ವಾರ. ಕೋರ್ಟ್ ಹಾಲಿನಿಂದ ಹೊರಗೆ ಬಂದು ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತೆ. ಕೋಪಕ್ಕೆ ಕೈ ನಡುಗುತ್ತಿತ್ತು. ಈಗ ರಾತ್ರಿ ಹತ್ತಾಯಿತು, ಇನ್ನೂ ಆರಿಲ್ಲ.

ಆಕೆಯ ಹೆಸರು, ಊರು, ದೇಶ ಯಾವುದನ್ನೂ ಬರೆಯುವುದಿಲ್ಲ. ನರ್ಸಿಂಗ್ ಓದಲು ಬಂದ ಹುಡುಗಿ. ಮನೆಯಿಂದ ದುಡ್ಡು ಬರುವುದು ನಿಂತಿತು, ಫೀಸು ಕಟ್ಟಲಾಗಲಿಲ್ಲ, ಕಾಲೇಜು ಬಿಟ್ಟಿತು, ವೀಸಾ ಮುಗಿಯಿತು. ಸಿಕ್ಕಿಬಿದ್ದಾಗ ತಪ್ಪು ಒಪ್ಪಿಕೊಂಡಳು, ಕೋರ್ಟು ಕೊಟ್ಟ ಶಿಕ್ಷೆಯನ್ನು ಪೂರ್ತಿ ಅನುಭವಿಸಿದಳು. ಬಿಡುಗಡೆಯ ದಿನ ನಾನು ಒಂದು ಜೊತೆ ಬಟ್ಟೆ ಹಿಡಿದು ಜೈಲಿನ ಗೇಟಿನ ಹತ್ತಿರ ಕಾದಿದ್ದೆ. ಆಕೆಗಿಂತ ಮೊದಲೇ ವ್ಯಾನ್ ಬಂದು ನಿಂತಿತ್ತು. ಕೈಗೊಂದು ಚಲನವಲನ ನಿರ್ಬಂಧದ ಆದೇಶ ಕೊಟ್ಟು ನೇರವಾಗಿ ಡಿಟೆನ್ಶನ್ ಸೆಂಟರಿಗೆ, ಅಂದರೆ ವಿದೇಶಿಯರನ್ನು ವಾಪಸ್ ಕಳಿಸುವವರೆಗೆ ಕೂಡಿಹಾಕುವ ಜಾಗಕ್ಕೆ, ಕರೆದುಕೊಂಡು ಹೋದರು. ಅವತ್ತಿನಿಂದ ಇವತ್ತಿಗೆ 11 ತಿಂಗಳು. ಆ ಆದೇಶದಲ್ಲಿ ಎಲ್ಲ ಇದೆ, ಯಾವತ್ತಿನವರೆಗೆ ಅನ್ನುವುದೊಂದು ಇಲ್ಲ.

ನನ್ನ ಜಗಳ ಇರುವುದು ಇದೊಂದರ ಮೇಲೆ. ಯಾವತ್ತಿನವರೆಗೆ?

ಕೊಲೆ ಆರೋಪದಲ್ಲಿ ಹಿಡಿದವನ ಮೇಲೂ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಅವನಿಗೆ ಜಾಮೀನಿನ ಹಕ್ಕು ಬರುತ್ತದೆ. ನಮ್ಮ ರಾಜ್ಯದ 1985ರ ಗೂಂಡಾ ಕಾಯ್ದೆಯಡಿ ಒಬ್ಬನನ್ನು ಒಳಗೆ ಹಾಕಿದರೆ ಅವನ ಕಡತ, ಬಂಧನ ಸರಿಯೇ ಅಂತ ನೋಡುವ ಸಲಹಾ ಮಂಡಳಿಯ ಮುಂದೆ ಹೋಗಲೇಬೇಕು, ಎಷ್ಟೇ ಎಳೆದರೂ 12 ತಿಂಗಳಿಗಿಂತ ಹೆಚ್ಚು ಇಡುವಂತಿಲ್ಲ. ಗೂಂಡಾ ಅಂತ ಸರ್ಕಾರವೇ ಹಣೆಪಟ್ಟಿ ಕಟ್ಟಿದವನಿಗೂ ಒಂದು ಕೊನೆಯ ದಿನ ಇದೆ. ಶಿಕ್ಷೆ ಮುಗಿಸಿದ ಈ ಹುಡುಗಿಗೆ ಇಲ್ಲ. 1946ರ ವಿದೇಶಿಯರ ಕಾಯ್ದೆಯಲ್ಲಿ ಮಿತಿ ಇರಲಿಲ್ಲ. ಅದನ್ನು ತೆಗೆದು ಹೊಸ ಕಾಯ್ದೆ ತಂದರು, 2025ರ ಸೆಪ್ಟೆಂಬರ್ 1ರಿಂದ ಜಾರಿಗೂ ಬಂತು. ಅದರಲ್ಲೂ ಮಿತಿ ಇಲ್ಲ. ಮಾತು, ಓಡಾಟದ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿ 'ನಾಗರಿಕರು' ಅನ್ನುತ್ತದೆ, ಜೀವ ಮತ್ತು ಸ್ವಾತಂತ್ರ್ಯ ಕಾಯುವ 21ನೇ ವಿಧಿ 'ಯಾವೊಬ್ಬ ವ್ಯಕ್ತಿ' ಅನ್ನುತ್ತದೆ. ಬರೆದವರು ತಿಳಿದೇ ಬೇರೆಬೇರೆ ಪದ ಇಟ್ಟರು. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟು ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ನಾಗರಿಕರಲ್ಲದವರಿಗೂ ಇದೆ ಅಂದಿದೆ. ಇಷ್ಟು ವರ್ಷವಾದ ಮೇಲೂ ಅದನ್ನೇ ಮೊದಲಿನಿಂದ ಹೇಳಿಕೊಂಡು ಬರಬೇಕಾಗಿದೆ.

"ಹಾಗಾದ್ರೆ ದೇಶಕ್ಕೆ ಬೇಲಿ ಬೇಡ್ವಾ? ಬಂದೋರನ್ನೆಲ್ಲ ಇಟ್ಕೊಳೋಣ್ವಾ?" ಇದು ಮದುವೆ ಮನೆಯಲ್ಲೂ ಕೇಳಿಬರುತ್ತದೆ, ನಮ್ಮ ಸೋದರಮಾವನೇ ಕೇಳಿದ್ದಾನೆ. ಬೇಲಿ ಬೇಕು. ವಿದೇಶಿಯರನ್ನು ಹೊರಗೆ ಕಳಿಸುವ ಅಧಿಕಾರ ಸರ್ಕಾರಕ್ಕೆ ಇದೆ ಅಂತ ಸುಪ್ರೀಂ ಕೋರ್ಟಿನ 1955ರ ಹಾನ್ಸ್ ಮುಲ್ಲರ್ ತೀರ್ಪು ಹೇಳಿದೆ. ಅದನ್ನು ನಾನು ಒಂದು ದಿನವೂ ಪ್ರಶ್ನೆ ಮಾಡಿಲ್ಲ. ಕಳಿಸಿ. ನಾಳೆಯೇ ಕಳಿಸಿ. ಆಕೆಯೇ ಅಮ್ಮನ ಹತ್ತಿರ ಕಳಿಸಿಬಿಡಿ ಅಂತ ಅಳುತ್ತಿದ್ದಾಳೆ! ಕಳಿಸುವುದು ಬೇರೆ, ಕಳಿಸಲೂ ಆಗದೆ ಬಿಡಲೂ ಆಗದೆ ಕೂಡಿಹಾಕುವುದು ಬೇರೆ. 2025ರ ಫೆಬ್ರವರಿಯಲ್ಲಿ ವಿದೇಶಿಯರು ಅಂತ ಅಸ್ಸಾಮಿನಲ್ಲಿ ಕೂಡಿಹಾಕಿದ್ದ 63 ಜನರ ವಿಷಯ ಬಂದಾಗ, ಹಿಂದೆ ನಮ್ಮ ಹೈಕೋರ್ಟಿನಲ್ಲೇ ಮುಖ್ಯ ನ್ಯಾಯಮೂರ್ತಿಯಾಗಿದ್ದ ಓಕಾ ಅವರು ಸುಪ್ರೀಂ ಕೋರ್ಟಿನಲ್ಲಿ ಅಸ್ಸಾಂ ಸರ್ಕಾರವನ್ನು ಕೇಳಿದ್ದು ನೆನಪಿದೆಯಾ? ಅವರನ್ನ ಕಳಿಸೋಕೆ ಮುಹೂರ್ತಕ್ಕೆ ಕಾಯ್ತಿದ್ದೀರಾ ಅಂತ. ಆ ಮಾತನ್ನು ಡೈರಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ದಾರಿ ಇಲ್ಲ ಅಂತಲೂ ಅಲ್ಲ. 2019ರ ಮೇ 10ರಂದು ಸುಪ್ರೀಂ ಕೋರ್ಟು, ಅಸ್ಸಾಮಿನಲ್ಲಿ ವಿದೇಶಿಯರು ಅಂತ ಮೂರು ವರ್ಷ ದಾಟಿ ಬಂಧನದಲ್ಲಿದ್ದವರನ್ನು ಬಿಡಬಹುದು ಅಂದಿತು. ತಲಾ ಒಂದು ಲಕ್ಷದ ಇಬ್ಬರು ಜಾಮೀನುದಾರರು, ಬೆರಳಚ್ಚು, ಕಣ್ಣಿನ ಗುರುತು, ವಾರಕ್ಕೊಮ್ಮೆ ಪೊಲೀಸ್ ಠಾಣೆಯಲ್ಲಿ ಹಾಜರಿ. ಕೊರೋನಾ ಬಂದ ಮೇಲೆ, 2020ರ ಏಪ್ರಿಲ್ 13ರಂದು ಮೂರು ವರ್ಷವನ್ನು ಎರಡಕ್ಕೆ, ಒಂದು ಲಕ್ಷವನ್ನು 5,000 ರೂಪಾಯಿಗೆ ಇಳಿಸಿತು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು? ಠಾಣೆಗೆ ಹೋಗಿ ಸಹಿ ಹಾಕಿ ಬರುವ ಹುಡುಗಿಯಿಂದ ಯಾವ ಗಡಿ ಮುರಿದುಬೀಳುತ್ತದೆ?

ಇನ್ನೊಂದು ವಿಷಯ. ರಾಜ್ಯದ ಮೊದಲ ಡಿಟೆನ್ಶನ್ ಸೆಂಟರ್ ಅಂತ ಸುದ್ದಿಯಾಗಿದ್ದು ಸೊಂಡೆಕೊಪ್ಪದಲ್ಲಿ, ನಮ್ಮ ರೈಲು ದಿನಾ ಹಾಯುವ ನೆಲಮಂಗಲ ತಾಲ್ಲೂಕಿನಲ್ಲೇ. ಅದು ಮೊದಲು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ಹಾಸ್ಟೆಲ್. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನಾನು ಎಂಟನೇ ಕ್ಲಾಸಿನಿಂದ ಪಿಯುಸಿವರೆಗೆ ಅಂಥದ್ದೇ ಒಂದು ಹಾಸ್ಟೆಲಿನ ಮುದ್ದೆ ತಿಂದು ಬೆಳೆದವಳು, ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ, ಅಪ್ಪನಿಗೆ ಕಾಯಿಲೆ ಜೋರಾಗಿದೆ, ಕಳಿಸಿಕೊಡಿ ಅಂತ ಊರಿಂದ ನಮ್ಮ ಚಿಕ್ಕಪ್ಪ ಸೈಕಲ್ ತುಳಿದುಕೊಂಡು ಬಂದ. ಗೇಟಿಗೆ ಬೀಗ. ಬೀಗದ ಕೈ ವಾರ್ಡನ್ ಹತ್ತಿರ, ವಾರ್ಡನ್ ಅವರ ಊರಲ್ಲಿ. ಬೆಳಗಿನ ಆರು ಗಂಟೆವರೆಗೆ ಚಿಕ್ಕಪ್ಪ ಗೇಟಿನ ಆಚೆ, ನಾನು ಈಚೆ, ಕಂಬಿ ಹಿಡಿದು ಕೂತಿದ್ದೆವು. ನಾನು ಊರು ಮುಟ್ಟುವ ಹೊತ್ತಿಗೆ ಅಪ್ಪನನ್ನು ಜಗಲಿ ಮೇಲೆ ಮಲಗಿಸಿದ್ದರು.

ಅವತ್ತು ಯಾರೂ ನನಗೆ ಕೇಡು ಬಯಸಿರಲಿಲ್ಲ. ಬೀಗ ತೆಗೆಯಬೇಕಾದವರು ಅಲ್ಲಿರಲಿಲ್ಲ, ಅಷ್ಟೇ. ಇವತ್ತು ಕೋರ್ಟಿನಲ್ಲಿ "ಪತ್ರ ಬರೆದಿದ್ದೇವೆ" ಅನ್ನುವುದು ಕೇಳಿದಾಗ ಅದೇ ಕಂಬಿಯ ತಣ್ಣಗಿನ ತುಕ್ಕು ಅಂಗೈಗೆ ತಗುಲಿದ ಹಾಗಾಯಿತು.

ಮೊದಲ ಭೇಟಿಯಲ್ಲಿ ನಾನು ಆಕೆಗೆ, ಒಂದು ತಿಂಗಳು ತಡೆದುಕೋ ಅಂದುಬಿಟ್ಟಿದ್ದೆ. ಅನ್ನಬಾರದಿತ್ತು. ಹನ್ನೆರಡು ವರ್ಷ ವಕೀಲಿಕೆ ಮಾಡಿದವಳು ಅಷ್ಟು ಸಲೀಸಾಗಿ ಮಾತು ಕೊಡಬಾರದಿತ್ತು. ಕಾವಲಿನ ಹೆಂಗಸರಿಂದ ಆಕೆ ಒಂದಿಷ್ಟು ಕನ್ನಡ ಕಲಿತಿದ್ದಾಳೆ: ಊಟ, ನೀರು, ತಲೆನೋವು, ನಾಳೆ. ಹೋದ ವಾರ ಹೋದಾಗ ನಾನು ಕೂರುವ ಮೊದಲೇ ಕೇಳಿದಳು, "ಯಾವಾಗ ಅಕ್ಕ?"

ಮುಂದಿನ ತಾರೀಖಿಗೆ ಮಧ್ಯಂತರ ಅರ್ಜಿ ಹಾಕುತ್ತಿದ್ದೇನೆ. ದಾಖಲೆ ಬರುವವರೆಗೆ ಬಿಡಿ, ವಾರಕ್ಕೊಮ್ಮೆ ಠಾಣೆಗೆ ಬರುತ್ತಾಳೆ ಅಂತ. ಇರಲು ತುಮಕೂರಿನಲ್ಲೇ ನಮ್ಮ ಟ್ರಸ್ಟಿನವರು ಒಂದು ಕೋಣೆ ನೋಡಿದ್ದಾರೆ. ಕೋರ್ಟು ಒಪ್ಪಿದರೆ ಇಬ್ಬರು ಜಾಮೀನುದಾರರು ಬೇಕಾಗುತ್ತಾರೆ. ವಕೀಲರು ತಮ್ಮ ಕಕ್ಷಿದಾರರಿಗೆ ತಾವೇ ಜಾಮೀನು ನಿಲ್ಲುವಂತಿಲ್ಲ, ಇಲ್ಲದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ. ಹೆಸರಿನಲ್ಲಿ ಪಹಣಿ ಇರುವವರು, ಆಧಾರ್ ಹಿಡಿದು ಒಂದು ದಿನ ಬೆಂಗಳೂರಿಗೆ ಬರಬಲ್ಲವರು ಬೇಕು. ಆಕೆ ತಪ್ಪಿಸಿಕೊಂಡರೆ ದುಡ್ಡು ನೀವು ಕಟ್ಟಬೇಕಾಗುತ್ತದೆ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ಯೋಚಿಸಿ ಫೋನ್ ಮಾಡಿ.

ನಾಳೆ ಬೆಳಿಗ್ಗೆ ರೈಲಿನಲ್ಲಿ ಆ ಯಜಮಾನರನ್ನೂ ಕೇಳುತ್ತೇನೆ. ಗುಬ್ಬಿ ಹತ್ತಿರ ಅವರಿಗೆ ಎರಡು ಎಕರೆ ತೋಟ ಇದೆ.